ಮೊದಲು ಒಲೆ ಹಚ್ಚು, ಆಮೇಲೆ ಅಳು

"ಕೆಲಸ ಹೋಗಿ ಊರಿಗೆ ವಾಪಸ್ ಬಂದಿದ್ದೇನೆ, ಕಷ್ಟದಲ್ಲಿ ನಿಮ್ಮ ಕೈ ಹಿಡಿದ ಅಪ್ಪ ಅಮ್ಮನ ಮಾತು ಇದ್ದರೆ ಹೇಳಿ" ಅಂತ ನೀವು ಇಲ್ಲಿ ಕೇಳಿದ್ದೀರಿ. ನನ್ನ ಹತ್ತಿರ ಎರಡು ಮಾತಿವೆ. ನಾವು ಕೊಡಗಿನ ಸೋಮವಾರಪೇಟೆ ಕಡೆಯವರು. ಸಣ್ಣ ಕಾಫಿ ತೋಟದ ಮನೆ.

ಅಮ್ಮ ಹೇಳುತ್ತಿದ್ದದ್ದು ಇಷ್ಟೇ: "ಮೊದಲು ಒಲೆ ಹಚ್ಚು, ಆಮೇಲೆ ಅಳು."

ಕೇಳಲು ಒರಟು ಅನ್ನಿಸಬಹುದು. ಆದರೆ ನಮ್ಮ ಕಡೆ ಮಳೆಗಾಲದಲ್ಲಿ ಒಲೆ ಹಚ್ಚುವುದೇ ಒಂದು ದೊಡ್ಡ ಕೆಲಸ. ಸೌದೆ ಎಲ್ಲ ಥಂಡಿ ಹಿಡಿದಿರುತ್ತೆ. ಅಟ್ಟದಿಂದ ಒಣಗಿದ ಪುಳ್ಳೆ ಹುಡುಕಿ ತರಬೇಕು. ಊದುಗೊಳವೆ ಹಿಡಿದು ಊದಬೇಕು. ಅಷ್ಟು ಹೊತ್ತು ಮನಸ್ಸು ಬೇರೆಲ್ಲೂ ಹೋಗುವ ಹಾಗಿಲ್ಲ. ಕೊನೆಗೆ ಮನೆಯವರಿಗೆಲ್ಲ ಬಿಸಿ ಬೆಲ್ಲದ ಕಾಫಿ ಸಿಗುತ್ತೆ. ಆಮೇಲೆ ಅಳಬೇಕು ಅನ್ನಿಸಿದರೆ ಅಳು, ಅಮ್ಮ ಪಕ್ಕದಲ್ಲೇ ಕೂರುತ್ತಿದ್ದರು. ಅಳಬೇಡ ಅಂತ ಅವರು ಯಾವತ್ತೂ ಹೇಳಿದವರಲ್ಲ. ಈ ಮಾತಿನಲ್ಲಿ ನನಗೆ ತುಂಬ ಇಷ್ಟವಾಗುವುದು ಅದೇ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಕಡೆಯೆಲ್ಲ ಗುಡ್ಡಗಳು ಜರಿದದ್ದು ನಿಮಗೆ ನೆನಪಿರಬಹುದು. ನೆಂಟರಲ್ಲಿ ನನಗೆ ಅತ್ತೆಯಾಗಬೇಕಾದವರೊಬ್ಬರ ತೋಟ ಮಣ್ಣಿನ ಜೊತೆಗೇ ಇಳಿದು ಹೋಯಿತು. ಅವರು ಉಟ್ಟ ಬಟ್ಟೆಯಲ್ಲಿ ಪರಿಹಾರ ಕೇಂದ್ರ ಸೇರಿದ್ದರು. ನೋಡಲು ಬಂದವರೆಲ್ಲ ಅತ್ತೆಗೆ ಒಂದೇ ಸಮಾಧಾನ ಹೇಳುತ್ತಿದ್ದರು: "ಬೆಟ್ಟದ ಹಾಗೆ ಬಂದದ್ದು ಮಂಜಿನ ಹಾಗೆ ಕರಗುತ್ತೆ." ಹೇಳಿದವರ ಮನಸ್ಸು ಒಳ್ಳೆಯದೇ. ಆದರೆ ಬೆಟ್ಟವೇ ಜರಿದು ಬಂದದ್ದನ್ನು ಕಣ್ಣಾರೆ ಕಂಡವರಿಗೆ ಆ ಗಾದೆ ಹೇಳಬಾರದು. ಅತ್ತೆ ಮುಖ ಆ ಕಡೆ ತಿರುಗಿಸಿಕೊಂಡರು. ಅಮ್ಮ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಕೂತಿದ್ದು, ಆಮೇಲೆ ಅತ್ತೆಯ ಕೈ ಹಿಡಿದು ಅಡುಗೆ ಮಾಡುವ ಕಡೆ ಕರೆದುಕೊಂಡು ಹೋದರು. ಇಬ್ಬರೂ ತರಕಾರಿ ಹೆಚ್ಚಲು ಕೂತರು. ಅತ್ತೆ ಹೆಚ್ಚುತ್ತಲೇ ಅತ್ತರು. ಆವತ್ತು ಅವರು ಬಾಯಿಬಿಟ್ಟು ಮಾತಾಡಿದ್ದು ಆಮೇಲೆಯೇ.

ಅಪ್ಪನ ಮಾತು ತೋಟದ್ದು: "ಮಳೆ ನಮ್ಮದಲ್ಲ, ಚಿಗುರು ನಮ್ಮದು." ಕಾಫಿ ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಬೇಸಿಗೆಯಲ್ಲಿ ಹೂಮಳೆ ಬಂದರೆ ಗಿಡ ಹೂ ಬಿಡುತ್ತೆ. ಕೆಲವು ವಾರ ಬಿಟ್ಟು ಇನ್ನೊಂದು ಮಳೆ ಬಂದರೆ ಕಾಯಿ ಕಚ್ಚುತ್ತೆ. ನೀರು ಹಾಯಿಸುವ ಅನುಕೂಲ ಇಲ್ಲದವರು ಆಕಾಶ ನೋಡಿಕೊಂಡೇ ಇರಬೇಕು. ಬೆಲೆಯಂತೂ ಯಾವುದೋ ದೇಶದಲ್ಲಿ ತೀರ್ಮಾನ ಆಗುತ್ತೆ. ನಮ್ಮ ಕೈಲಿ ಇರುವುದು ಬೇಡದ ಚಿಗುರು ತೆಗೆಯುವುದು, ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು) ಮಾಡುವುದು, ಕಾಂಡಕೊರಕ ಹುಳ ಹಿಡಿದ ಗಿಡ ಹುಡುಕಿ ಕಿತ್ತು ಸುಡುವುದು.

2001-02ರ ಸುಮಾರಿಗೆ ಕಾಫಿ ಬೆಲೆ ಪಾತಾಳಕ್ಕೆ ಬಿದ್ದಾಗ, ಕೊಯ್ಲಿನ ಕೂಲಿಯೂ ಹುಟ್ಟದೆ ಎಷ್ಟೋ ಜನ ತೋಟದ ಕಡೆ ತಲೆ ಹಾಕುವುದನ್ನೇ ಬಿಟ್ಟರು. ಅವರದು ತಪ್ಪು ಅಂತ ನಾನು ಹೇಳಲಾರೆ. ಅಪ್ಪ ಮಾತ್ರ ದಿನಾ ಒಂದೆರಡು ಸಾಲು ಚಿಗುರು ತೆಗೆದೇ ತೆಗೆಯುತ್ತಿದ್ದರು. ಅರೇಬಿಕಾ ಜಾತಿಯ ಕಾಫಿ ತೋಟದಲ್ಲಿ ಕೊರಕವನ್ನು ಹಾಗೇ ಬಿಟ್ಟರೆ ಪಕ್ಕದ ಗಿಡಕ್ಕೂ ಹೋಗುತ್ತೆ. ಹೊಸ ಗಿಡ ನೆಟ್ಟರೆ ಫಸಲಿಗೆ ಮೂರು ನಾಲ್ಕು ವರ್ಷ ಕಾಯಬೇಕು. ಆ ಮಾತಿನಿಂದ ನಮ್ಮ ಸಾಲವೇನೂ ತೀರಲಿಲ್ಲ, ಅದು ತುಂಬ ಕಾಲ ಎಳೆಯಿತು. ಆದರೆ ಬೆಲೆ ಚೇತರಿಸಿಕೊಂಡಾಗ ಕೊಯ್ಯಲು ಗಿಡ ಇತ್ತು.

ಎಲ್ಲ ಹಿರಿಯರ ಮಾತೂ ಒಳ್ಳೆಯದು ಅಂತ ನಾನು ಒಪ್ಪುವುದಿಲ್ಲ. "ತಾಳಿದವನು ಬಾಳಿಯಾನು" ಅನ್ನುವುದನ್ನೇ ತಗೊಳ್ಳಿ. ಗಂಡನ ಮನೆಯಲ್ಲಿ ಏಟು ತಿನ್ನುವ ಮಗಳಿಗೆ ಅದನ್ನು ಹೇಳಿ ವಾಪಸ್ ಕಳಿಸಿದ್ದನ್ನು ನೋಡಿದ್ದೇನೆ. ಅದು ಧೈರ್ಯ ಹೇಳುವುದಲ್ಲ, ಬಾಯಿ ಮುಚ್ಚಿಸುವುದು. ಯಾರು ಹೇಳುತ್ತಿದ್ದಾರೆ, ಅವರು ನಮ್ಮ ಜೊತೆ ಕೂರುತ್ತಾರಾ ಅಂತ ನೋಡಬೇಕು, ಅಲ್ವಾ?

ನಿಮ್ಮ ವಿಷಯಕ್ಕೆ ಬರುತ್ತೇನೆ. ಕೆಲಸ ಯಾವಾಗ ಸಿಗುತ್ತೆ ಅನ್ನುವುದು ನಿಮ್ಮ ಕೈಲಿಲ್ಲ. ದಿನಾ ಬೆಳಿಗ್ಗೆ ಎದ್ದು ಎರಡು ಅರ್ಜಿ ಹಾಕುವುದು, ಮನೆಯ ಒಂದು ಕೆಲಸ ಹಿಡಿಯುವುದು ನಿಮ್ಮ ಕೈಲಿದೆ. ವಾರಗಟ್ಟಲೆ ನಿದ್ದೆ ಇಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಮಾತ್ರ ಯಾರ ಗಾದೆಯನ್ನೂ ನಂಬಿ ಕೂರಬೇಡಿ. ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಸರ್ಕಾರದ ಉಚಿತ ಸಹಾಯವಾಣಿ ಅದು, ಕನ್ನಡದಲ್ಲೇ ಮಾತಾಡಬಹುದು.

ಅಪ್ಪ ಅಮ್ಮ ಜೊತೆಯಲ್ಲಿದ್ದರೆ ಒಂದು ಕೆಲಸ ಮಾಡಿ. ಧೈರ್ಯ ಹೇಳಿ ಅಂತ ಕೇಳಬೇಡಿ. ಅವರ ಬದುಕಿನ ತುಂಬ ಕೆಟ್ಟ ದಿನ ಯಾವುದು, ಮಾರನೇ ದಿನ ಬೆಳಿಗ್ಗೆ ಎದ್ದು ಮೊದಲು ಏನು ಮಾಡಿದರು ಅಂತ ಕೇಳಿ. ಅವರು ಹೇಳಿದ್ದನ್ನು ಇಲ್ಲಿ ಬರೆದರೆ ನಾನು ಖಂಡಿತ ಓದುತ್ತೇನೆ.