ಟಿ.ವಿ.ಯ ಕೆರೆ, ತೋಟದ ಕೆರೆ

ಸೋಮವಾರಪೇಟೆ ಕಡೆಯ ಕಾಫಿ ಬೆಳೆಗಾರರೊಬ್ಬರ ಪತ್ರದ ಸಾರ ಇಷ್ಟು: "ಬಯಲುಸೀಮೆಯ ಮೀನು ಸಾಕಣೆಯ ಬಗ್ಗೆ ಟಿ.ವಿ.ಯಲ್ಲಿ ಅರ್ಧ ಗಂಟೆಯ ಕಾರ್ಯಕ್ರಮ ಬಂತು. ಅದನ್ನು ನೋಡಿ ಜುಲೈ ಮೊದಲ ವಾರ ನಮ್ಮ ತೋಟದ 25 ಸೆಂಟಿನ ಕೆರೆಗೆ ಒಂದಿಂಚಿನ ಸಾವಿರ ಮರಿ ಬಿಟ್ಟೆ. ಸುಣ್ಣ ಹಾಕಿರಲಿಲ್ಲ. ವಾರದೊಳಗೆ ಕೆಲವು ಸತ್ತು ತೇಲಿದವು, ಆಮೇಲೆ ಕೋಡಿ ಹರಿಯಿತು. ಫೆಬ್ರುವರಿಯಲ್ಲಿ ಕಾಫಿಗೆ ಸ್ಪ್ರಿಂಕ್ಲರ್ ಹಾಕಿ ಕೆರೆ ಬರಿದಾದಾಗ ಸಿಕ್ಕಿದ್ದು ನಲವತ್ತೇ ಮೀನು. ಟಿ.ವಿ.ಯವರು ಹೇಳಿದ್ದು ಸುಳ್ಳೇ? ಈಗ ಬಯೋಫ್ಲಾಕ್ ತೊಟ್ಟಿ (ಸೂಕ್ಷ್ಮಜೀವಿಗಳಿಂದ ನೀರು ಶುದ್ಧವಾಗಿಟ್ಟು ಒತ್ತಾಗಿ ಮೀನು ಸಾಕುವ ತೊಟ್ಟಿ) ತೋರಿಸುತ್ತಿದ್ದಾರೆ, ಅದನ್ನಾದರೂ ನಂಬಬಹುದೇ?"

ಮಾನ್ಯರೇ,

ನೀವು ನೋಡಿದ್ದು ನಾಲೆ ನೀರಿನ, ಕಪ್ಪು ಮಣ್ಣಿನ, ಬಿಸಿಲು ಬೀಳುವ ಕೆರೆ. ಅಲ್ಲಿಯ ಮಟ್ಟಿಗೆ ಅವರು ಹೇಳಿದ್ದು ನಿಜವೇ ಇರಬೇಕು. ನಮ್ಮ ಜಿಲ್ಲೆಗೆ ಬೇಕಾದ ನಾಲ್ಕು ಮಾತು ಅದರಲ್ಲಿರಲಿಲ್ಲ. ನಿಮ್ಮ ನಷ್ಟ ಆ ನಾಲ್ಕರಲ್ಲೇ ಇದೆ.

ಮೊದಲನೆಯದು ಹುಳಿ. ಕೊಡಗಿನ ಮಳೆ ಮಣ್ಣಿನ ಸುಣ್ಣವನ್ನು ತೊಳೆದೊಯ್ಯುತ್ತದೆ. ಹಾಗಾಗಿಯೇ ಕಾಫಿ ಗಿಡಕ್ಕೆ ನೀವು ಸುಣ್ಣ ಕೊಡುತ್ತೀರಿ. ಕೆರೆಯ ತಳವೂ ಅದೇ ಮಣ್ಣು. ಹುಳಿಯನ್ನು ಅಳೆಯುವುದು ಪಿಎಚ್‌ನಲ್ಲಿ, 7ಕ್ಕಿಂತ ಕಡಿಮೆಯಾದಷ್ಟೂ ಹುಳಿ ಹೆಚ್ಚು. ಗೆಂಡೆ ಜಾತಿಯ ಮೀನಿಗೆ ನೀರಿನ ಪಿಎಚ್ 7ರಿಂದ 8.5 ಇದ್ದರೆ ಒಳ್ಳೆಯದು. 6ಕ್ಕಿಂತ ಕೆಳಗೆ ಮೇವು ತಿನ್ನುವುದೂ ಬೆಳೆಯುವುದೂ ಕುಂಠಿತ, 5ರ ಹತ್ತಿರ ಮರಿ ಉಳಿಯುವುದು ಕಷ್ಟ. ಬಯಲಿನ ಕೆರೆಗೆ ಹೆಕ್ಟೇರಿಗೆ 200-250 ಕೆಜಿ ಸುಣ್ಣ ಸಾಕಾಗುತ್ತದೆ. ನಿಮ್ಮ 25 ಸೆಂಟು ಹೆಕ್ಟೇರಿನ ಸುಮಾರು ಹತ್ತನೇ ಒಂದು ಪಾಲು, ಆ ಲೆಕ್ಕದಲ್ಲಿ ಹೆಚ್ಚೆಂದರೆ 25 ಕೆಜಿ ಬರುತ್ತದೆ. ಹುಳಿ ಮಣ್ಣಿಗೆ ಅದರ ಎರಡರಿಂದ ನಾಲ್ಕು ಪಟ್ಟು, ಅಂದರೆ 50ರಿಂದ 100 ಕೆಜಿ ಬೇಕು. ಕೆರೆ ಒಣಗಿದಾಗ ತಳಕ್ಕೂ ಏರಿಯ ಒಳಮೈಗೂ ಎರಚಬೇಕು. ಹತ್ತು ದಿನ ಬಿಟ್ಟು 200-300 ಕೆಜಿ ಕೊಟ್ಟಿಗೆ ಗೊಬ್ಬರ ಹಾಕಬೇಕು. ಎರಡನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ.

ಎರಡನೆಯದು ಮರಿಯ ಅಳತೆ. "ಮರಿ ಬಿಡಿ" ಎಂದು ಟಿ.ವಿ.ಯಲ್ಲಿ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಒಂದಿಂಚಿನದು ಫ್ರೈ, ಮೂರ್ನಾಲ್ಕು ಇಂಚಿನದು ಫಿಂಗರ್‌ಲಿಂಗ್. ಒಂದಿಂಚಿನದನ್ನು ನೀರುಹಾವು, ಕಪ್ಪೆ, ಮಿಂಚುಳ್ಳಿ, ಕೆರೆಯಲ್ಲಿ ಮೊದಲೇ ಇರುವ ಕೊರವ ಮೀನು ಎಲ್ಲವೂ ತಿನ್ನುತ್ತವೆ. ಬೆರಳುದ್ದದ ಮರಿಯೇ ಬೇಕು, ಹೆಕ್ಟೇರಿಗೆ 5,000ದಂತೆ ನಿಮಗೆ 500 ಸಾಕು. ಸಾವಿರ ಬಿಟ್ಟಿದ್ದು ಎರಡು ಪಟ್ಟು ಹೆಚ್ಚಾಯಿತು. ಕಾಟ್ಲಾ 200, ರೋಹು 150, ಸಾಮಾನ್ಯ ಗೆಂಡೆ 150 ಇರಲಿ. ನಮ್ಮ ತಂಪಿಗೆ ಸಾಮಾನ್ಯ ಗೆಂಡೆ ಚೆನ್ನಾಗಿ ಒಗ್ಗುತ್ತದೆ, ಆದರೆ ಅದು ಮಣ್ಣು ಕೆದಕುವ ಮೀನು, ಏರಿ ಹಸಿಯಾಗಿದ್ದರೆ ಹೆಚ್ಚು ಬಿಡಬೇಡಿ. ಮರಿ ತಂದ ಪ್ಲಾಸ್ಟಿಕ್ ಚೀಲವನ್ನು ಕಟ್ಟು ಬಿಚ್ಚದೆ 20 ನಿಮಿಷ ನೀರಿನಲ್ಲಿ ತೇಲಬಿಡಿ. ಆಮೇಲೆ ಬಾಯಿ ಬಿಚ್ಚಿ ಕೆರೆಯ ನೀರನ್ನು ಸ್ವಲ್ಪ ಸ್ವಲ್ಪ ಬೆರೆಸಿ, ಮರಿ ತಾನಾಗಿ ಹೊರಗೆ ಹೋಗಲಿ. ಚೀಲದ ನೀರಿಗೂ ಕೆರೆಯ ನೀರಿಗೂ ವ್ಯತ್ಯಾಸ ಹೆಚ್ಚಿದ್ದರೆ, ಮೊದಲ ವಾರದಲ್ಲೇ ಸತ್ತು ತೇಲುವುದಕ್ಕೆ ಅದೊಂದೇ ಸಾಕು.

ಮೂರನೆಯದು ತಿಂಗಳು. ಜುಲೈ ಮೊದಲ ವಾರ ನಮ್ಮಲ್ಲಿ ಮೀನು ಬಿಡುವ ಕಾಲವೇ ಅಲ್ಲ. ಮೋಡ ಕವಿದು ಬಿಸಿಲಿಲ್ಲದಾಗ ನೀರಿನ ಪಾಚಿ ಸಾಕಷ್ಟು ಆಮ್ಲಜನಕ ಕೊಡುವುದಿಲ್ಲ, ತೊರೆಯ ಕೆಂಪು ನೀರು ನುಗ್ಗುತ್ತದೆ, ಕೋಡಿಯಲ್ಲಿ ಮರಿ ಹೊಳೆ ಸೇರುತ್ತದೆ. ಜಾಲರಿ ಕಟ್ಟಿದರೂ ಸಿಲ್ವರ್ ಓಕ್ ಎಲೆ ಒಂದೇ ರಾತ್ರಿಗೆ ಅದನ್ನು ಮುಚ್ಚಿಬಿಡುತ್ತದೆ, ನೀರು ಏರಿಯ ಮೇಲೆ ಹತ್ತುತ್ತದೆ. ಅದಕ್ಕೆ ಎರಡು ಜಾಲರಿ ಬೇಕು: ಕೆರೆಯ ಕಡೆಗೆ ಎಲೆ ತಡೆಯುವ ಅಗಲ ಕಣ್ಣಿನದು, ಅದರ ಹಿಂದೆ ಮರಿ ತಡೆಯುವ ಸಣ್ಣ ಕಣ್ಣಿನದು, ಕೋಡಿಯ ಬಾಯಿಗಿಂತ ಮೂರು ಪಟ್ಟು ಅಗಲಕ್ಕೆ ಬಿಲ್ಲಿನಂತೆ ಬಾಗಿಸಿ ಕಟ್ಟಿದ್ದು. ಮಳೆಯ ರಭಸ ಇಳಿದ ಮೇಲೆ, ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರಿನಲ್ಲಿ ಬಿಡಿ. ಫೆಬ್ರುವರಿ-ಮಾರ್ಚಿನಲ್ಲಿ ಕಾಫಿ ಹೂವಿಗೆ ನೀರು ಎತ್ತುವ ತನಕ ಸಿಗುವುದು ಆರೇ ತಿಂಗಳು. ಹಾಗಾಗಿಯೇ ದೊಡ್ಡ ಮರಿಗೆ ಇಷ್ಟು ಒತ್ತು ಕೊಟ್ಟದ್ದು. ಕೆರೆಯ ಒಂದು ಮೂಲೆಯಲ್ಲಿ ಎರಡು ಮೀಟರ್ ಆಳದ ಗುಂಡಿ ತೆಗೆದರೆ ನೀರು ಇಳಿದಾಗಲೂ ಮೀನು ಅಲ್ಲಿ ಉಳಿಯುತ್ತದೆ.

ನಾಲ್ಕನೆಯದನ್ನು ಯಾವ ವಾಹಿನಿಯಲ್ಲೂ ಹೇಳುವುದು ಕಾಣೆ: ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಮೆಣಸಿನ ಬಳ್ಳಿಗೆ ಶಿಲೀಂಧ್ರ ರೋಗ ತಡೆಯಲು ಹೊಡೆಯುವ ಶೇ. 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ ಇರುತ್ತದೆ. ತಾಮ್ರ ಮೀನಿನ ಕಿವಿರನ್ನು ಸುಡುತ್ತದೆ, ಅದರಲ್ಲೂ ನಮ್ಮಂತಹ ಮೆದು, ಹುಳಿ ನೀರಿನಲ್ಲಿ ಅದರ ವಿಷ ಹೆಚ್ಚು. ಡ್ರಮ್ಮು, ಔಷಧಿ ಹೊಡೆಯುವ ಗಟಾರ್ ಪಂಪು ಕೆರೆಯ ಮೆಟ್ಟಿಲಲ್ಲಿ ತೊಳೆಯುವ ರೂಢಿ ಇದ್ದರೆ ಇಂದೇ ನಿಲ್ಲಿಸಿ. ಸೈಪರ್‌ಮೆಥ್ರಿನ್ ಜಾತಿಯ ಕೀಟನಾಶಕ ಇನ್ನೂ ಕೆಟ್ಟದು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ಪಲ್ಪಿಂಗ್ ನೀರು ಕೆರೆಗೆ ಇಳಿದರೆ ಕೊಳೆಯುತ್ತಾ ಆಮ್ಲಜನಕವನ್ನೆಲ್ಲ ಹೀರುತ್ತದೆ.

ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ತೆರೆದರೆ ಅದು ಆಮ್ಲಜನಕದ ಕೊರತೆ. ಅಂದು ಮೇವು, ಗೊಬ್ಬರ ಎರಡೂ ಬೇಡ. ಪಂಪಿನ ನೀರನ್ನು ಎತ್ತರದಿಂದ ಕೆರೆಗೇ ಚಿಮ್ಮಿಸಿ. ಮೇವಿಗೆ ಕಡಲೆಕಾಯಿ ಹಿಂಡಿ, ಅಕ್ಕಿ ತೌಡು ಸಮ ಪಾಲು. 300 ಮೀನು ಸರಾಸರಿ 200 ಗ್ರಾಂ ಇದ್ದರೆ ಒಟ್ಟು 60 ಕೆಜಿ, ಅದರ ಶೇ. 2ರಂತೆ ದಿನಕ್ಕೆ 1.2 ಕೆಜಿ. ತೂತು ಮಾಡಿದ ಗೋಣಿಚೀಲದಲ್ಲಿ ತುಂಬಿ ಗೂಟಕ್ಕೆ ಕಟ್ಟಿ. ಸಂಜೆಗೆ ಉಳಿದಿದ್ದರೆ ಮರುದಿನ ಕಡಿಮೆ ಮಾಡಿ. 500ರಲ್ಲಿ 300 ಉಳಿದು ಅರ್ಧ ಕೆಜಿ ತೂಗಿದರೆ 150 ಕೆಜಿ ಮೀನು. ಟಿ.ವಿ.ಯ ಲಕ್ಷದ ಮಾತಿನ ಮುಂದೆ ಇದು ಸಣ್ಣದು, ಆದರೆ ಬೇಸಿಗೆಗೆ ಹೇಗೂ ಖಾಲಿಯಾಗುವ ಕೆರೆಯಿಂದ ಬಂದದ್ದು.

ಬಯೋಫ್ಲಾಕ್ ನಿಮಗೆ ಬೇಡ. ಆ ತೊಟ್ಟಿಯಲ್ಲಿ ಗಾಳಿಯಂತ್ರ ಹಗಲು ರಾತ್ರಿ ನಡೆಯಬೇಕು, ನಿಂತರೆ ಕೆಲವೇ ಗಂಟೆಗಳಲ್ಲಿ ತೊಟ್ಟಿಯ ಮೀನೆಲ್ಲ ಸಾಯಬಹುದು. ಮರ ಬಿದ್ದು ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಊರಿನಲ್ಲಿ ಜನರೇಟರ್ ಖರ್ಚನ್ನು ಮೊದಲು ಲೆಕ್ಕಕ್ಕೆ ತನ್ನಿ. ಆಫ್ರಿಕನ್ ಕ್ಯಾಟ್‌ಫಿಶ್ ಮರಿ ಯಾರು ಕೊಟ್ಟರೂ ತೆಗೆದುಕೊಳ್ಳಬೇಡಿ. ಅದರ ಸಾಕಣೆಗೆ ದೇಶದಲ್ಲೇ ನಿಷೇಧವಿದೆ. ಕೋಡಿಯಲ್ಲಿ ತಪ್ಪಿಸಿಕೊಂಡರೆ ಅದು ಸೇರುವುದು ಅಳಿವಿನಂಚಿನ ಮಹಶೀರ್ ಮೀನು ಇರುವ ಕಾವೇರಿಗೆ.

ಇನ್ನು ಟಿ.ವಿ.ಯಿಂದ ಏನು ಪ್ರಯೋಜನ ಎಂಬ ಪ್ರಶ್ನೆ. 1967ರ ಜನವರಿ 26ರಂದು ದೂರದರ್ಶನದಲ್ಲಿ 'ಕೃಷಿ ದರ್ಶನ' ಕಾರ್ಯಕ್ರಮ ಆರಂಭವಾದದ್ದು ದೆಹಲಿ ಸುತ್ತಲಿನ 80 ಹಳ್ಳಿಗಳಿಗಾಗಿ. ನೋಡುವವನ ಹೊಲಕ್ಕೂ ತೋರಿಸಿದ ಹೊಲಕ್ಕೂ ಹೆಚ್ಚು ದೂರವಿರಲಿಲ್ಲ. 2015ರ ಮೇ 26ರಂದು ಬಂದ ಡಿಡಿ ಕಿಸಾನ್ ವಾಹಿನಿ ಇಡೀ ದೇಶದ್ದು. ಪ್ರಸಾರ ಹಿಗ್ಗಿದಷ್ಟೂ ಊರಿನ ವಿವರ ಕಳಚುತ್ತದೆ. ಚಂದನದವರು ಕೊಡಗಿನ ಒಂದೇ ತೋಟದ ಕೆರೆಯನ್ನು ಏಪ್ರಿಲ್‌ನ ಸುಣ್ಣದಿಂದ ಫೆಬ್ರುವರಿಯ ಬಲೆಯವರೆಗೆ ತಿಂಗಳಿಗೊಮ್ಮೆ ಹತ್ತು ನಿಮಿಷ ತೋರಿಸಿದರೆ, ಸತ್ತ ಮರಿಯನ್ನೂ ಎಣಿಸಿ ತೋರಿಸಿದರೆ, ನಮ್ಮವರಿಗೆ ಅದು ನಿಜವಾದ ಪಾಠ. ಕರೆಂಟ್ ಇಲ್ಲದ ಜುಲೈನಲ್ಲಿ ಅದೇ ಮಾತನ್ನು ಮಡಿಕೇರಿ ಆಕಾಶವಾಣಿ ಹೇಳಲಿ. ಇದನ್ನು ಕೇಳಿ ನಾವು ಎರಡೂ ಕಡೆಗೆ ಬರೆಯುತ್ತೇವೆ, ನೀವೂ ಬರೆಯಿರಿ. ಅಲ್ಲಿಯ ತನಕ ಯಾವ ಕಾರ್ಯಕ್ರಮ ನೋಡಿದರೂ ಮೂರು ವಿಷಯ ಬರೆದಿಟ್ಟುಕೊಳ್ಳಿ: ಯಾವ ಊರು, ಯಾವ ತಿಂಗಳು, ನೀರು ಎಲ್ಲಿಂದ. ಈ ಮೂರನ್ನು ಹೇಳದ ಕಾರ್ಯಕ್ರಮದ ಅಳತೆಯನ್ನು ನಿಮ್ಮ ಕೆರೆಗೆ ತರಬೇಡಿ.

ಈ ಸಲ ಸ್ಪ್ರಿಂಕ್ಲರ್ ಮುಗಿದು ತಳ ಬಿರುಕು ಬಿಟ್ಟಾಗ ಐದು ಕಡೆಯಿಂದ ಒಂದೊಂದು ಹಿಡಿ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಪಿಎಚ್ ಎಷ್ಟು ಬಂತೆಂದು ನಮಗೂ ತಿಳಿಸಿ, ಸುಣ್ಣದ ಲೆಕ್ಕವನ್ನು ಮುಂದಿನ ಸಂಚಿಕೆಯಲ್ಲಿ ಬಿಡಿಸಿ ಕೊಡುತ್ತೇವೆ.

– ಸಂಪಾದಕ