ನಲ್ಲಿ ಬದಲಿಸುವ ಮುನ್ನ ಬಿಚ್ಚಿ ನೋಡಿ

ಪ್ರಶ್ನೆ: ಕೋಲಾರದಲ್ಲಿ ನಮ್ಮ ಮನೆ ಕಟ್ಟಿಸಿ ಆರು ವರ್ಷವಾಯಿತು. ಬಳಸುವುದೆಲ್ಲ ಕೊಳವೆಬಾವಿ ನೀರು. ಅಡುಗೆಮನೆಯ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತದೆ. ಬಚ್ಚಲಿನ ನಲ್ಲಿ ಎಷ್ಟು ಬಿಗಿದರೂ ತೊಟ್ಟಿಕ್ಕುತ್ತದೆ. ರಾತ್ರಿ ತುಂಬಿಸಿದ 1000 ಲೀಟರ್ ಟ್ಯಾಂಕ್ ಬೆಳಗಾಗುವಷ್ಟರಲ್ಲಿ ನಾಲ್ಕು ಬೆರಳು ಇಳಿದಿರುತ್ತದೆ. ಎಲ್ಲ ನಲ್ಲಿಗಳನ್ನೂ ಬದಲಿಸಿ ಎನ್ನುತ್ತಾರೆ ಪ್ಲಂಬರ್. ಬೇರೆ ದಾರಿ ಇಲ್ಲವೇ?

ಉತ್ತರ: ಖಂಡಿತ ಇದೆ. ಮೊದಲು ಟ್ಯಾಂಕಿನ ವಿಷಯ ನೋಡೋಣ, ಹೆಚ್ಚು ನೀರು ಹೋಗುತ್ತಿರುವುದು ಅಲ್ಲಿಯೇ. ಸೆಕೆಂಡಿಗೊಂದು ಹನಿ ಬಿದ್ದರೂ ಎಂಟು ಗಂಟೆಯಲ್ಲಿ ಸೋರುವುದು ಸುಮಾರು ಒಂದೂವರೆ ಲೀಟರ್. ನಿಮ್ಮ ಟ್ಯಾಂಕಿನ ನಾಲ್ಕು ಬೆರಳೆಂದರೆ 50 ಲೀಟರಿಗೂ ಹೆಚ್ಚು. ಬಚ್ಚಲಿನ ನಲ್ಲಿಯೊಂದರಿಂದ ಇಷ್ಟು ಹೋಗಲಾರದು. ನನ್ನ ಅನುಮಾನ ಶೌಚಾಲಯದ ಫ್ಲಶ್ ಟ್ಯಾಂಕಿನ ಮೇಲೆ. ಅದು ಸದ್ದಿಲ್ಲದೆ ಸೋರುತ್ತದೆ, ಕಣ್ಣಿಗೂ ಬೀಳುವುದಿಲ್ಲ. ಮಲಗುವ ಮುನ್ನ ಅದರೊಳಗೆ ಅರ್ಧ ಲೋಟ ಬೀಟ್‌ರೂಟ್ ರಸ ಸುರಿದು ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕೆಳಗಿನ ಕಮೋಡಿನಲ್ಲಿ ಕೆಂಪು ಕಂಡರೆ ಒಳಗಿನ ರಬ್ಬರ್ ಸವೆದಿದೆ ಎಂದರ್ಥ. ರಬ್ಬರ್ ಮಾತ್ರ ಬದಲಿಸಿದರೆ ಸಾಕು. ಬಣ್ಣ ಇಳಿಯದಿದ್ದರೆ ಮರುರಾತ್ರಿ ಟ್ಯಾಂಕಿನಿಂದ ಕೆಳಗಿಳಿಯುವ ಪೈಪಿನ ವಾಲ್ವ್ ಮುಚ್ಚಿಡಿ. ಆಗ ಮಟ್ಟ ಇಳಿಯದೆ ನಿಂತರೆ ಗೋಡೆಯೊಳಗಿನ ಪೈಪ್ ಸೋರುತ್ತಿರಬಹುದು. ಆ ಕೆಲಸಕ್ಕೆ ಪ್ಲಂಬರ್ ಬೇಕೇ ಬೇಕು.

ಅಡುಗೆಮನೆಯ ನಲ್ಲಿಯದು ಗಡಸು ನೀರಿನ ಕಾಟ. ನಲ್ಲಿಯ ಬಾಯಿಗೆ ತಿರುಪಿನಂತೆ ಕೂತಿರುವ ಜಾಲರಿಯನ್ನು ಬಟ್ಟೆ ಸುತ್ತಿ ತಿರುಗಿಸಿ ಬಿಚ್ಚಿ, ಅಂಗೈಗೆ ತಟ್ಟಿ ನೋಡಿ: ಸಕ್ಕರೆ ಹರಳಿನಂಥ ಬಿಳಿ ಸುಣ್ಣ ಉದುರುತ್ತದೆ. ಜಾಲರಿಯನ್ನು ವಿನೆಗರ್ ಅಥವಾ ನಿಂಬೆರಸದಲ್ಲಿ ಒಂದು ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ಶೌಚಾಲಯ ತೊಳೆಯುವ ಆ್ಯಸಿಡ್ ಹತ್ತಿರಕ್ಕೂ ತರಬೇಡಿ, ನಲ್ಲಿಯ ಹೊಳಪು ಎದ್ದುಹೋಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದಲ್ಲಿ 600ರವರೆಗೆ ನಡೆಯುತ್ತದೆ. ನಿಮ್ಮ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ. ಕಾಯಿಸಿದಾಗ ಈ ಸುಣ್ಣ ಇನ್ನೂ ಬೇಗ ಕಟ್ಟುವುದರಿಂದ ಗೀಸರ್ ಅನ್ನು ವರ್ಷಕ್ಕೊಮ್ಮೆ ಬಿಚ್ಚಿಸಿ ತೊಳೆಸುವುದು ಒಳ್ಳೆಯದು.

ಬಚ್ಚಲಿನ ನಲ್ಲಿಯನ್ನು ಬಲವಾಗಿ ಬಿಗಿಯುವುದನ್ನು ಇಂದೇ ನಿಲ್ಲಿಸಿ. ಬಿಗಿದಷ್ಟೂ ವಾಷರ್ ಹರಿಯುತ್ತದೆ. ಹಲವು ಸುತ್ತು ತಿರುಗುವ ನಲ್ಲಿಯಾದರೆ ವಾಷರ್, ಕಾಲು ಸುತ್ತಿಗೇ ತೆರೆಯುವಂಥದ್ದಾದರೆ ಒಳಗಿನ ಸ್ಪಿಂಡಲ್ (ಹಿಡಿಯ ಜೊತೆ ತಿರುಗಿ ನೀರು ಬಿಡುವ, ತಡೆಯುವ ಭಾಗ) ಬದಲಿಸಬೇಕು. ಹಳೆಯದನ್ನು ಕೈಯಲ್ಲೇ ಹಿಡಿದು ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಅಳತೆ ಹೇಳಿ ತಂದದ್ದು ಎಷ್ಟೋ ಸಲ ಕೂರುವುದಿಲ್ಲ. ಬಿಚ್ಚುವ ಮೊದಲು ನೀರಿನ ವಾಲ್ವ್ ಮುಚ್ಚಿ, ಬಚ್ಚಲ ತೂತಿನ ಮೇಲೆ ಬಟ್ಟೆ ಹಾಸಿ. ಬಿದ್ದ ಸ್ಕ್ರೂ ಹುಡುಕುವ ಪಾಡು ತಪ್ಪುತ್ತದೆ.

ಪ್ರಶ್ನೆ: ಸೋರಿಕೆಯಾದಾಗ ಮುಚ್ಚಲು ಹೋದರೆ ಪೈಪಿನ ನೀರು ನಿಲ್ಲಿಸುವ ಗೇಟ್ ವಾಲ್ವ್ ಅಲ್ಲಾಡಲೇ ಇಲ್ಲ. ಏನು ಮಾಡಲಿ?

ಉತ್ತರ: ವರ್ಷಗಟ್ಟಲೆ ಮುಟ್ಟದ ವಾಲ್ವ್ ಹೀಗೆಯೇ ಕಚ್ಚಿಕೊಳ್ಳುತ್ತದೆ. ಸ್ಪ್ಯಾನರ್ ಹಾಕಿ ಜಗ್ಗಬೇಡಿ, ಒಳಗಿನ ದಂಡ ಮುರಿದರೆ ಮನೆಯೆಲ್ಲ ನೀರು. ಟ್ಯಾಂಕ್ ಖಾಲಿ ಮಾಡಿಸಿ ಹೊಸದನ್ನು ಹಾಕಿಸಿ. ಆಮೇಲೆ ಮೂರು ತಿಂಗಳಿಗೊಮ್ಮೆ ಪೂರ್ತಿ ಮುಚ್ಚಿ ತೆರೆಯಿರಿ, ತೆರೆದ ಮೇಲೆ ಕಾಲು ಸುತ್ತು ಹಿಂದಕ್ಕೆ ತಿರುಗಿಸಿ ಬಿಡಿ. ವಾಲ್ವ್ ಎಲ್ಲಿದೆ ಎಂಬುದು ಮನೆಯ ಮಕ್ಕಳಿಗೂ ಗೊತ್ತಿರಲಿ.