ಅರಬಿ ಪತ್ರಿಕೆಯಲ್ಲಿ ಅಭ್ಯರ್ಥಿಯ ಮುಖ, ಅಭ್ಯರ್ಥಿಯ ಮಾತು

ಪ್ರಶ್ನೆ: ನಮ್ಮ ಯಜಮಾನರು ಹಲವು ವರ್ಷ ಕುವೈತ್‌ನಲ್ಲಿ ಕೆಲಸದಲ್ಲಿದ್ದವರು. ಮೊನ್ನೆ ಅಟ್ಟದಲ್ಲಿದ್ದ ಹಳೆಯ ಪೆಟ್ಟಿಗೆಯನ್ನು ಶುಚಿ ಮಾಡುವಾಗ ಅದರ ತಳಕ್ಕೆ ಹಾಸಿದ್ದ ಅರಬಿ ಪತ್ರಿಕೆಯ ಹಾಳೆಯೊಂದು ಸಿಕ್ಕಿತು. ಅದರಲ್ಲಿ ನಾಲ್ವರು ಹೆಂಗಸರ ಚಿತ್ರಗಳು ಸಾಲಾಗಿ ಅಚ್ಚಾಗಿವೆ. ಶಾಲೆಯಲ್ಲಿ ಅರಬಿ ಕಲಿಯುವ ನೆರೆಮನೆಯ ಹುಡುಗಿ ‘2009 ಮೇ’ ಎಂಬ ದಿನಾಂಕವನ್ನೂ ‘ನಾಇಬ’ ಎಂಬ ಪದವನ್ನೂ ಓದಿ ಹೇಳಿದಳು. ಅರಬಿ ಪತ್ರಿಕೆಗಳು ಹೆಂಗಸರ ಚಿತ್ರವನ್ನೇ ಹಾಕುವುದಿಲ್ಲ ಎಂದು ನಾನು ತಿಳಿದಿದ್ದೆ. ಚುನಾವಣೆಯ ಹೊತ್ತಿನಲ್ಲಿ ಅವು ಮಹಿಳಾ ಅಭ್ಯರ್ಥಿಗಳನ್ನು ಹೇಗೆ ತೋರಿಸುತ್ತವೆ?
– ಓದುಗರೊಬ್ಬರು, ನೀರ್ಚಾಲು

ಉತ್ತರ: ಆ ಹಾಳೆಯನ್ನು ದಯವಿಟ್ಟು ಎಸೆಯಬೇಡಿ. 2009ರ ಮೇ 16ರ ಚುನಾವಣೆಯಲ್ಲಿ ಕುವೈತ್‌ನ ಸಂಸತ್ತಿಗೆ ಮೊತ್ತಮೊದಲ ಬಾರಿ ಮಹಿಳೆಯರು ಗೆದ್ದು ಬಂದರು. ಮಾಸೂಮಾ ಅಲ್ ಮುಬಾರಕ್, ರೋಲಾ ದಶ್ತಿ, ಅಸೀಲ್ ಅಲ್ ಅವದಿ, ಸಲ್ವಾ ಅಲ್ ಜಸ್ಸಾರ್ ಎಂಬ ಆ ನಾಲ್ವರೇ ನಿಮ್ಮ ಹಾಳೆಯಲ್ಲಿ ಇರುವವರು ಎಂದು ತಿಳಿಯುತ್ತೇನೆ. ಅಲ್ಲಿನ ಮಹಿಳೆಯರಿಗೆ ಮತದಾನದ ಹಕ್ಕು ಸಿಕ್ಕಿದ್ದೇ 2005ರಲ್ಲಿ. 2006ರಲ್ಲೂ 2008ರಲ್ಲೂ ಸ್ಪರ್ಧಿಸಿದವರಲ್ಲಿ ಒಬ್ಬರೂ ಗೆದ್ದಿರಲಿಲ್ಲ. ಆ ದಿನಗಳಲ್ಲಿ ನಾನೂ ಅಲ್ಲಿದ್ದೆ. ಕಚೇರಿಗೆ ಬರುತ್ತಿದ್ದ ಅರಬಿ ಪತ್ರಿಕೆಗಳನ್ನು ಅಕ್ಷರ ಕೂಡಿಸಿಕೊಂಡು ಓದುವಷ್ಟು ಭಾಷೆ ಅಷ್ಟರಲ್ಲಿ ನನಗೆ ಬಂದಿತ್ತು.

ಚಿತ್ರವನ್ನೇ ಹಾಕುವುದಿಲ್ಲ ಎಂಬ ಮಾತು ನಿಜವಲ್ಲ. ಕೈರೋ, ಬೈರೂತ್, ಟ್ಯೂನಿಸ್, ಕುವೈತ್‌ಗಳ ದಿನಪತ್ರಿಕೆಗಳಲ್ಲಿ ಮಹಿಳಾ ಅಭ್ಯರ್ಥಿಗಳ ಚಿತ್ರಗಳು ಧಾರಾಳವಾಗಿ ಬರುತ್ತವೆ. ಮುಖವನ್ನು ಮರೆಮಾಡಿದ ಪ್ರಸಂಗಗಳು ಇವೆ, ಆದರೆ ಸುದ್ದಿಯಾದ ಅಂಥವು ಪಕ್ಷಗಳ ಕೆಲಸ. 2011ರಲ್ಲಿ ಈಜಿಪ್ಟಿನ ಅನ್ನೂರ್ ಪಕ್ಷವು ತನ್ನ ಪ್ರಚಾರ ಚಿತ್ರಗಳಲ್ಲಿ ಮಹಿಳಾ ಅಭ್ಯರ್ಥಿಯ ಮುಖದ ಜಾಗದಲ್ಲಿ ಹೂವನ್ನು ಇರಿಸಿತ್ತು. 2017ರಲ್ಲಿ ಅಲ್ಜೀರಿಯಾದ ಬೋರ್ಜ್ ಬೂ ಅರೀರೀಜ್ ಪ್ರಾಂತದಲ್ಲಿ ಕೆಲವು ಪಕ್ಷಗಳ ಭಿತ್ತಿಪತ್ರಗಳಲ್ಲಿ ಗಂಡಸರಿಗೆ ಮುಖವಿತ್ತು, ಹೆಂಗಸರ ಶಿರವಸ್ತ್ರದೊಳಗೆ ಬರೀ ಬಿಳಿ ಖಾಲಿ ಜಾಗವಿತ್ತು. ಮುಖ ತೋರಿಸದಿದ್ದರೆ ಪಟ್ಟಿಯಿಂದಲೇ ತೆಗೆಯಬೇಕಾದೀತು ಎಂದು ಚುನಾವಣಾ ಮೇಲ್ವಿಚಾರಣಾ ಮಂಡಳಿ ಎಚ್ಚರಿಸಬೇಕಾಯಿತು. 2015ರ ಸೌದಿ ಅರೇಬಿಯಾದ ಪೌರಸಭಾ ಚುನಾವಣೆಯ ಸಂಗತಿ ಬೇರೆ. ಅಲ್ಲಿ ಗಂಡಸರ ಚಿತ್ರಗಳಿಗೂ ನಿಷೇಧವಿತ್ತು.

ಚಿತ್ರಕ್ಕಿಂತ ಹೆಚ್ಚಾಗಿ ನನ್ನ ಮನಸ್ಸನ್ನು ಕಾಡುತ್ತಿದ್ದುದು ಅದರ ಪಕ್ಕದಲ್ಲಿ ಇರಬೇಕಾಗಿದ್ದ, ಆದರೆ ಇಲ್ಲದ ಮಾತು. ಇದಕ್ಕೆ ಅಲ್ಲಿನ ಪ್ರಚಾರದ ರೀತಿಯೇ ಒಂದು ಕಾರಣ. ಕುವೈತ್‌ನ ರಾಜಕೀಯವೆಲ್ಲ ನಡೆಯುವುದು ದೀವಾನಿಯಗಳಲ್ಲಿ. ನಮ್ಮ ಕಡೆಯ ದೊಡ್ಡ ಮನೆಗಳ ಚಾವಡಿಯನ್ನು ನೆನೆದುಕೊಂಡರೆ ನಿಮಗೆ ಅದು ಅರ್ಥವಾಗುತ್ತದೆ: ಸುತ್ತಲೂ ಆಸನ, ಚಹಾ, ರಾತ್ರಿ ಬಹಳ ಹೊತ್ತಿನ ತನಕ ಗಂಡಸರ ಮಾತುಕತೆ. ವರದಿಗಾರರು ಅಲ್ಲಿಗೆ ಹೋಗುತ್ತಾರೆ, ಅಲ್ಲಿ ಕೇಳಿದ್ದು ಮರುದಿನದ ಪುಟವಾಗುತ್ತದೆ. ಮಹಿಳಾ ಅಭ್ಯರ್ಥಿಗಳು ಧೈರ್ಯ ಮಾಡಿ ಅಲ್ಲಿಗೆ ಹೋದರು. ಆದರೆ ಪತ್ರಿಕೆಯವರಿಗೆ ಅವರು ಹೋದದ್ದೇ ಸುದ್ದಿಯಾಯಿತು. ಹೆಂಗಸೊಬ್ಬಳು ದೀವಾನಿಯಕ್ಕೆ ಕಾಲಿಟ್ಟಳು ಎಂಬುದು ತಲೆಬರಹವಾದರೆ, ಶಾಲೆಯ ಬಗ್ಗೆಯೋ ಮನೆ ಸಾಲದ ಬಗ್ಗೆಯೋ ಆಕೆ ಆಡಿದ ಮಾತು ಕೊನೆಯ ಎರಡು ಸಾಲಿಗೆ ಇಳಿದಿರುತ್ತಿತ್ತು. ಎದುರಾಳಿಯಾದ ಗಂಡಸಿನ ಭಾಷಣವಾದರೋ ಮೊದಲ ಸಾಲಿನಿಂದಲೇ ಆರಂಭವಾಗುತ್ತಿತ್ತು.

ಭಾಷೆಯ ಸಂಗತಿಯನ್ನೂ ಹೇಳಲೇಬೇಕು. ಕನ್ನಡದಲ್ಲಿ ‘ಅಭ್ಯರ್ಥಿ ಹೇಳಿದರು’ ಎಂದು ಬರೆದರೆ ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಅರಬಿಯಲ್ಲಿ ಆ ಮರೆ ಇಲ್ಲ. ಗಂಡಸು ಹೇಳಿದರೆ ‘ಖಾಲ’, ಹೆಂಗಸು ಹೇಳಿದರೆ ‘ಖಾಲತ್’. ಗಂಡು ಅಭ್ಯರ್ಥಿ ‘ಮುರಶ್ಶಹ್’, ಹೆಣ್ಣಾದರೆ ‘ಮುರಶ್ಶಹ’. ಅದು ವ್ಯಾಕರಣ, ಅದರಲ್ಲಿ ದೋಷವಿಲ್ಲ. ಆದರೆ ‘ನಾಇಬ್’ ಎಂದರೆ ಜನಪ್ರತಿನಿಧಿ, ಅದರ ಸ್ತ್ರೀಲಿಂಗವಾದ ‘ನಾಇಬ’ ಎಂಬ ಪದಕ್ಕೆ ಪ್ರತಿನಿಧಿ ಎಂಬ ಅರ್ಥದ ಜೊತೆಗೆ ವಿಪತ್ತು ಎಂಬ ಹಳೆಯ ಅರ್ಥವೂ ಉಂಟು. ಇದೇ ‘ನಾಇಬ್’ ಪದದ ಬಹುವಚನದಿಂದ ನಮ್ಮಲ್ಲಿ ‘ನವಾಬ’ ಎಂಬ ಮಾತು ಬಂದಿದೆ. ಗಂಡಸಿಗೆ ಸಿಂಹಾಸನವಾದ ಪದ ಹೆಂಗಸಿನ ಪಾಲಿಗೆ ಬರುವಾಗ ಕೊಂಕು ನುಡಿಯಲು ಅವಕಾಶ ಕೊಡುತ್ತದೆ. ಆದುದರಿಂದಲೇ ಮಹಿಳೆಯರ ಹೆಸರಿನ ಮುಂದೆಯೂ ‘ನಾಇಬ್’ ಎಂದು ಪುಲ್ಲಿಂಗದಲ್ಲಿ ಬರೆಯುವ ರೂಢಿಯೂ ಇದೆ. ಇವಲ್ಲದೆ ಮಹಿಳೆಯರನ್ನೆಲ್ಲ ಸೇರಿಸಿ ‘ಹವ್ವಾ’ (ಆದಿ ಸ್ತ್ರೀಯಾದ ಈವ್) ಎಂದೋ ‘ಕೋಮಲ ವರ್ಗ’ ಎಂಬರ್ಥದ ‘ಅಲ್ ಜಿನ್ಸ್ ಅಲ್ ಲತೀಫ್’ ಎಂದೋ ಕರೆಯುವ ತಲೆಬರಹಗಳು ಉಂಟು. ಪ್ರೀತಿಯ ಮಾತಿನಂತೆ ಕಂಡರೂ ಇದು ನನಗೆ ಬೈಗುಳಕ್ಕಿಂತ ಹೆಚ್ಚು ಅಪಾಯಕಾರಿ ಎನಿಸುತ್ತದೆ, ಏಕೆಂದರೆ ಅದರಲ್ಲಿ ಅಭ್ಯರ್ಥಿಯ ಹೆಸರೇ ಕರಗಿ ಹೋಗುತ್ತದೆ.

ನಿಮ್ಮ ಹಾಳೆಯ ನಾಲ್ವರೂ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಡಾಕ್ಟರೇಟ್ ಪಡೆದವರು. ಆದರೂ ಗೆದ್ದ ಬಳಿಕ ಅವರಲ್ಲಿ ಇಬ್ಬರು, ರೋಲಾ ದಶ್ತಿ ಮತ್ತು ಅಸೀಲ್ ಅಲ್ ಅವದಿ, ತಿಂಗಳುಗಟ್ಟಲೆ ಸುದ್ದಿಯಲ್ಲಿದ್ದುದು ಅವರು ಶಿರವಸ್ತ್ರ ಧರಿಸುವುದಿಲ್ಲ ಎಂಬ ಕಾರಣಕ್ಕೆ. ಅವರ ಸದಸ್ಯತ್ವವನ್ನೇ ಪ್ರಶ್ನಿಸಿ ದಾವೆ ಹೂಡಲಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಸಂವಿಧಾನ ನ್ಯಾಯಾಲಯವು ಅವರ ಪರವಾಗಿ ತೀರ್ಪಿತ್ತಿತು. 2012ರ ಫೆಬ್ರವರಿಯ ಚುನಾವಣೆಯಲ್ಲಿ ಕುವೈತ್‌ನಲ್ಲಿ ಒಬ್ಬ ಮಹಿಳೆಯೂ ಗೆಲ್ಲಲಿಲ್ಲ.

ಎಲ್ಲ ಅರಬ್ ದೇಶಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಲೆಬನಾನಿನಲ್ಲಿ ಮಹಿಳೆ ಸಂಸತ್ತಿಗೆ ಕಪ್ಪು ಬಟ್ಟೆಯಲ್ಲೇ ಬರುತ್ತಾಳೆ ಎಂಬ ಮಾತಿದೆ, ಅಂದರೆ ತೀರಿಹೋದ ಗಂಡನ ಅಥವಾ ತಂದೆಯ ಸ್ಥಾನಕ್ಕೆ ಬರುತ್ತಾಳೆ ಎಂದು ಅರ್ಥ. 1963ರಲ್ಲಿ ಅಲ್ಲಿನ ಮೊದಲ ಸಂಸದೆಯಾದ ಮಿರ್ನಾ ಬುಸ್ತಾನಿ ವಿಮಾನಾಪಘಾತದಲ್ಲಿ ಮಡಿದ ತಂದೆಯ ಸ್ಥಾನಕ್ಕೆ ಬಂದವರು. ಅಲ್ಲಿ ಪತ್ರಿಕೆಯ ಮೊದಲ ಪ್ರಶ್ನೆ ‘ಯಾರ ಮಗಳು’ ಎಂಬುದು. ಟ್ಯೂನಿಸಿನಲ್ಲಿ 2018ರಲ್ಲಿ ಸುಆದ್ ಅಬ್ದುರ್ರಹೀಂ ಮೇಯರ್ ಹುದ್ದೆಗೆ ಸ್ಪರ್ಧಿಸಿದಾಗ, ರಮಜಾನಿನ 27ನೆಯ ರಾತ್ರಿ ಮಸೀದಿಯಲ್ಲಿ ನಡೆಯುವ ಸಮಾರಂಭಕ್ಕೆ ಹೆಂಗಸು ಹೋಗುವುದು ಹೇಗೆ ಎಂದು ಎದುರು ಪಕ್ಷದವರು ಕೇಳಿದರು. ಆ ಹುದ್ದೆಗೆ ಅಲ್ಲಿ ‘ಶೇಖ್ ಅಲ್ ಮದೀನ’, ಅಂದರೆ ನಗರದ ಹಿರಿಯ, ಎಂದು ಹೆಸರು. ಆಕೆ ಗೆದ್ದ ಬಳಿಕ ಪತ್ರಿಕೆಗಳು ‘ಶೇಖ’ ಎಂದು ಸ್ತ್ರೀಲಿಂಗದಲ್ಲಿ ಬರೆಯಬೇಕಾಯಿತು.

ನಿಮ್ಮ ನೆರೆಮನೆಯ ಹುಡುಗಿಗೆ ಒಂದು ಕೆಲಸ ಹೇಳಿ. ಆ ಚಿತ್ರಗಳ ಕೆಳಗಿನ ಬರಹದಲ್ಲಿ ಖಾಫ್, ಅಲಿಫ್, ಲಾಮ್, ತಾ ಎಂಬ ನಾಲ್ಕು ಅಕ್ಷರಗಳು ಕೂಡಿದ ‘ಖಾಲತ್’ ಎಷ್ಟು ಬಾರಿ ಬಂದಿದೆ ಎಂದು ಆಕೆ ಎಣಿಸಲಿ.

ಪ್ರಶ್ನೆ: ಇರಾಕಿನಲ್ಲಿ ಮಹಿಳೆಯರಿಗೆ ಮೀಸಲಾತಿ ಇದೆಯಂತೆ. ಅದರಿಂದ ಪತ್ರಿಕೆಗಳ ಧಾಟಿ ಬದಲಾಗಲಿಲ್ಲವೇ?
– ಓದುಗರೊಬ್ಬರು, ಉಪ್ಪಳ

ಉತ್ತರ: ಇದೆ. 2005ರ ಸಂವಿಧಾನದ ಪ್ರಕಾರ ಅಲ್ಲಿನ ಸಂಸತ್ತಿನಲ್ಲಿ ನಾಲ್ಕರಲ್ಲಿ ಒಂದು ಪಾಲು ಮಹಿಳೆಯರಿಗೆ ಸಲ್ಲಬೇಕು. ಸಂಖ್ಯೆ ಹೆಚ್ಚಿದಾಗ ಚಿತ್ರಗಳೂ ಹೆಚ್ಚಿದವು, ಜೊತೆಗೆ ‘ಕೋಟಾ’ ಎಂಬ ಹಣೆಪಟ್ಟಿಯೂ ಬಂತು. ಅರಬಿಯಲ್ಲೂ ಅದು ‘ಕೂತಾ’ ಎಂದೇ ಬಳಕೆಯಲ್ಲಿದೆ. ಇಲ್ಲಿಯ ಪಂಚಾಯತುಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿರುವಾಗಲೂ ‘ಅದು ಮೀಸಲು ವಾರ್ಡ್ ಅಲ್ವಾ’ ಎಂಬ ಮಾತನ್ನು ನಾವು ಕೇಳುತ್ತಲೇ ಇದ್ದೇವಲ್ಲ. 2018ರ ಪ್ರಚಾರದಲ್ಲಿ ಇರಾಕಿನ ಮಹಿಳಾ ಅಭ್ಯರ್ಥಿಗಳ ಭಿತ್ತಿಚಿತ್ರಗಳನ್ನು ಹರಿದು ವಿರೂಪಗೊಳಿಸಿದರು. ಅಶ್ಲೀಲ ವಿಡಿಯೊ ಒಂದನ್ನು ಹರಿಯಬಿಟ್ಟಾಗ ಅಭ್ಯರ್ಥಿಯೊಬ್ಬರು ಅದು ತನ್ನದಲ್ಲವೆಂದರೂ ಕಣದಿಂದ ಹಿಂದೆ ಸರಿಯಬೇಕಾಯಿತು. ಹಾಗಿದ್ದೂ 2021ರಲ್ಲಿ 329 ಸ್ಥಾನಗಳ ಸಂಸತ್ತಿಗೆ 90ಕ್ಕೂ ಹೆಚ್ಚು ಮಹಿಳೆಯರು ಬಂದರು. ಮೀಸಲಾತಿಯ ಲೆಕ್ಕದಲ್ಲಿ ಬೇಕಾಗಿದ್ದುದು 83 ಮಾತ್ರ.